ಕೂಲ್ ಅಂಡ್ ದ ಗ್ಯಾಂಗ್: ಊದುವವರ ಜಾಗ ಬದಲಾದ ಕಥೆ

'ಸೆಲೆಬ್ರೇಶನ್' ಹಾಡನ್ನು ಒಮ್ಮೆಯೂ ಕೇಳದವರು ಈ ಹಾಲ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ಹಾಡಿನ ಹೆಸರು ಗೊತ್ತಿಲ್ಲದಿರಬಹುದು, ಹಾಡಿದವರು ಯಾರು ಅಂತಲೂ ಗೊತ್ತಿಲ್ಲದಿರಬಹುದು. ಆದರೆ ಶುರುವಿನ ಆ ಕೂಗು ಕಿವಿಗೆ ಬಿದ್ದ ಕೂಡಲೇ 'ಓ, ಇದಾ' ಅನ್ನುತ್ತೀರಿ. ರಿಸೆಪ್ಷನ್, ಆಫೀಸ್ ಪಾರ್ಟಿ, ಹೊಸ ವರ್ಷದ ರಾತ್ರಿ, ಎಲ್ಲಿ ಕುಣಿತ ಇದೆಯೋ ಅಲ್ಲಿ ಅದು ಇದೆ. ಈಗ ಇನ್ನೊಂದು ಹಾಡು ಕೇಳಿಸುತ್ತೇನೆ. 1973ರದ್ದು, ಹೆಸರು 'ಜಂಗಲ್ ಬೂಗಿ'.

ಕೇಳಿದಿರಲ್ಲ. ಗೊಗ್ಗರು ದನಿ, ಅದರ ಸುತ್ತ ಟ್ರಂಪೆಟ್ ಸ್ಯಾಕ್ಸೊಫೋನ್‌ಗಳ ಏಟು, ಕೆಳಗೆ ಒಂದೇ ಕಡೆ ಸುತ್ತುವ ಬೇಸ್ ಗಿಟಾರ್. ಎರಡೂ ಹಾಡು ಒಂದೇ ಬ್ಯಾಂಡ್‌ನವು, ಅಮೆರಿಕದ ಕೂಲ್ ಅಂಡ್ ದ ಗ್ಯಾಂಗ್‌ನವು, ನಡುವೆ ಏಳೇ ವರ್ಷ. ಮೊದಲ ಸಲ ಕೇಳಿದವರು ಬೇರೆ ಬೇರೆ ಬ್ಯಾಂಡ್ ಅಂದುಕೊಳ್ಳುತ್ತಾರೆ. ಫಂಕ್ ಸಂಗೀತದ ಭಕ್ತರಲ್ಲಿ ಈ ವಿಷಯಕ್ಕೆ ಒಂದು ಹಳೇ ಜಗಳವೂ ಇದೆ: 1979ರಲ್ಲಿ ಖಾಯಂ ಗಾಯಕ ಬರುವ ಮೊದಲಿನದು ನಿಜವಾದ ಕೂಲ್ ಅಂಡ್ ದ ಗ್ಯಾಂಗ್, ಆಮೇಲೆ ಬಂದದ್ದು ದುಡ್ಡಿಗಾಗಿ ಮಾಡಿದ್ದು ಅಂತ.

ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ. ಈ ಬ್ಯಾಂಡ್‌ನ ಕಥೆಯನ್ನು ಗಾಯಕನ ಕಡೆಯಿಂದ ನೋಡಿದರೆ ಎರಡು ತುಂಡಾಗಿ ಕಾಣುತ್ತದೆ, ನಿಜ. ಊದುವವರ ಕಡೆಯಿಂದ ನೋಡಿ, ಅಂದರೆ ಎರಡು ಸ್ಯಾಕ್ಸೊಫೋನ್ ಮತ್ತು ಒಂದು ಟ್ರಂಪೆಟ್ ಹಿಡಿದವರ ಕಡೆಯಿಂದ. ಆಗ ಅದು ಒಂದೇ ಕಥೆ. ಅವರು ಎಲ್ಲೂ ಹೋಗಲಿಲ್ಲ, ನಿಲ್ಲುವ ಜಾಗ ಬದಲಾಯಿತು ಅಷ್ಟೇ. ಹಾಗಾಗಿ ಇವತ್ತು ಪ್ರತಿ ಹಾಡಿನಲ್ಲೂ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಊದುವವರು ಈಗ ಎಲ್ಲಿದ್ದಾರೆ?

ನಮಗೆ ಈ ಪ್ರಶ್ನೆ ಸುಲಭವಾಗಿ ಬರುವುದಿಲ್ಲ. ಸಿನಿಮಾ ಹಾಡು ಕೇಳಿ ಬೆಳೆದವರು ನಾವು. ಹಾಡು ಅಂದ ಕೂಡಲೇ 'ಯಾರು ಹಾಡಿದ್ದು' ಅಂತ ಕೇಳುತ್ತೇವೆ. ನಡುವೆ ಬರುವ ವಾದ್ಯದ ತುಣುಕನ್ನು ಬಾಯಲ್ಲಿ ಗುನುಗುತ್ತೇವೆ, ಅದನ್ನು ನುಡಿಸಿದವರ ಹೆಸರು ಕೇಳುವುದಿಲ್ಲ. ಫಂಕ್‌ಗೆ ಈ ಅಭ್ಯಾಸ ಹೊಂದುವುದಿಲ್ಲ. ಅಲ್ಲಿ ಗಾಯಕ ಇಲ್ಲದೆಯೂ ಹಾಡು ಪೂರ್ತಿಯಾಗುತ್ತದೆ. ಈ ಬ್ಯಾಂಡ್ ತನ್ನ ಮೊದಲ ಹದಿನೈದು ವರ್ಷ ಖಾಯಂ ಗಾಯಕ ಅಂತ ಒಬ್ಬರೂ ಇಲ್ಲದೆಯೇ ಬದುಕಿತು.

ಸರಿ, ಶುರುವಿಗೆ ಬರೋಣ. ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿ. ಹಡ್ಸನ್ ನದಿಯ ಆಚೆ ದಡಕ್ಕೆ ಮ್ಯಾನ್‌ಹಟನ್, ಈಚೆ ದಡಕ್ಕೆ ಈ ಊರು. ರಾಬರ್ಟ್ ಬೆಲ್ ಮತ್ತು ರೊನಾಲ್ಡ್ ಬೆಲ್ ಅಣ್ಣತಮ್ಮಂದಿರು. ಹುಟ್ಟಿದ್ದು ಒಹಾಯೊದ ಯಂಗ್ಸ್‌ಟೌನ್‌ನಲ್ಲಿ, ಆಮೇಲೆ ಸಂಸಾರ ಜೆರ್ಸಿ ಸಿಟಿಗೆ ಬಂತು. ಚಿಕ್ಕವರಿದ್ದಾಗ ಖಾಲಿ ಪೇಂಟ್ ಡಬ್ಬಗಳನ್ನು ಬಡಿದು ತಾಳ ಹಾಕುತ್ತಿದ್ದರಂತೆ. ರಾಬರ್ಟ್ ಇದನ್ನು ಸಂದರ್ಶನಗಳಲ್ಲಿ ಹೇಳಿದ್ದಾರೆ. ಡಬ್ಬದ ತಳದಲ್ಲಿ ಎಷ್ಟು ಬಣ್ಣ ಉಳಿದಿದೆ ಅನ್ನುವುದರ ಮೇಲೆ ಒಂದೊಂದು ಡಬ್ಬದ ನಾದ ಒಂದೊಂದು ಥರ. ನಮ್ಮ ಜಲತರಂಗದ ಬಟ್ಟಲುಗಳ ಹಾಗೆ. ದುಡ್ಡು ಕೊಟ್ಟು ಬೊಂಗೊ ಡ್ರಮ್ ಕೊಳ್ಳಲಾಗದ ಹುಡುಗರು ಬಣ್ಣದ ಡಬ್ಬದಲ್ಲೇ ಶ್ರುತಿ ಹುಡುಕಿಕೊಂಡರು.

ಅವರ ಅಪ್ಪ ಬಾಕ್ಸರ್. ನ್ಯೂಯಾರ್ಕ್‌ನಲ್ಲಿ ಜಾಝ್ ಪಿಯಾನೊದ ದೊಡ್ಡ ಹೆಸರು ಥೆಲೋನಿಯಸ್ ಮಾಂಕ್ ಇದ್ದ ಕಟ್ಟಡದಲ್ಲೇ ಇದ್ದವರು, ಇಬ್ಬರಿಗೂ ಸ್ನೇಹ. ಮಾಂಕ್ ತನಗೆ ಗಾಡ್‌ಫಾದರ್ ಅಂತ ರಾಬರ್ಟ್ ಹೇಳಿಕೊಳ್ಳುತ್ತಾರೆ. ಅಂದರೆ ಮನೆಯೊಳಗೆ ಜಾಝ್, ರೇಡಿಯೊದಲ್ಲಿ ಸೋಲ್ ಅನ್ನುವ ಕಪ್ಪು ಜನರ ಹಾಡು, ಬೀದಿಯಲ್ಲಿ ಡಬ್ಬ. ಈ ಮೂರೂ ಕೊನೆತನಕ ಇವರನ್ನು ಬಿಡಲಿಲ್ಲ.

1964ರಲ್ಲಿ ಗೆಳೆಯರೆಲ್ಲ ಸೇರಿ ಬ್ಯಾಂಡ್ ಕಟ್ಟಿದರು. ರಾಬರ್ಟ್ ಬೇಸ್ ಗಿಟಾರ್, ರೊನಾಲ್ಡ್ ಟೆನರ್ ಸ್ಯಾಕ್ಸೊಫೋನ್, ಡೆನಿಸ್ ಥಾಮಸ್ ಆಲ್ಟೊ ಸ್ಯಾಕ್ಸೊಫೋನ್, ರಾಬರ್ಟ್ 'ಸ್ಪೈಕ್' ಮಿಕೆನ್ಸ್ ಟ್ರಂಪೆಟ್, ಜಾರ್ಜ್ ಬ್ರೌನ್ ಡ್ರಮ್ಸ್, ಚಾರ್ಲ್ಸ್ ಸ್ಮಿತ್ ಗಿಟಾರ್, ರಿಕಿ ವೆಸ್ಟ್ ಕೀಬೋರ್ಡ್. ಈ ಏಳು ಜನ ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಊರಿನ ಹುಡುಗರು. ಮೊದಲ ಹೆಸರು ಜಾಝಿಯಾಕ್ಸ್. ಹೆಸರಲ್ಲೇ ಜಾಝ್ ಇದೆ ನೋಡಿ. ಆಮೇಲೆ ಸೋಲ್ ಟೌನ್ ಬ್ಯಾಂಡ್, ನ್ಯೂ ಡೈಮೆನ್ಶನ್ಸ್, ಹೀಗೆ ಹೆಸರು ಬದಲಾಗುತ್ತಾ ಹೋಯಿತು. ರಾಬರ್ಟ್‌ಗೆ 'ಕೂಲ್' ಅನ್ನುವ ಅಡ್ಡಹೆಸರು ಇತ್ತು, ಅದರಿಂದ ಕೂಲ್ ಅಂಡ್ ದ ಫ್ಲೇಮ್ಸ್ ಆಯಿತು. ಆದರೆ ಆಗಿನ ದೊಡ್ಡ ಸೋಲ್ ಗಾಯಕ ಜೇಮ್ಸ್ ಬ್ರೌನ್ ಅವರ ತಂಡದ ಹೆಸರು ಫೇಮಸ್ ಫ್ಲೇಮ್ಸ್. ಅವರ ಜೊತೆ ಗೊಂದಲ ಬೇಡ ಅಂತ ಫ್ಲೇಮ್ಸ್ ಹೋಗಿ ಗ್ಯಾಂಗ್ ಬಂತು.

ಜೇಮ್ಸ್ ಬ್ರೌನ್ ಹೆಸರು ಬಂತಲ್ಲ, ಫಂಕ್ ಅಂದರೆ ಏನು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ಎಣಿಸಿ: ಒಂದು, ಎರಡು, ಮೂರು, ನಾಲ್ಕು. ಅದಕ್ಕೂ ಮೊದಲಿನ ಅಮೆರಿಕದ ಬಹಳಷ್ಟು ಕುಣಿತದ ಸಂಗೀತದಲ್ಲಿ ಒತ್ತು ಬೀಳುತ್ತಿದ್ದದ್ದು ಎರಡು ಮತ್ತು ನಾಲ್ಕರ ಮೇಲೆ. 60ರ ದಶಕದ ನಡುವೆ ಜೇಮ್ಸ್ ಬ್ರೌನ್ ಎಲ್ಲರ ತೂಕವನ್ನೂ ಒಂದರ ಮೇಲೆ ತಂದು ಹಾಕಿದರು. ಎಲ್ಲರೂ ಒಂದಕ್ಕೆ ಒಟ್ಟಿಗೆ ಬಂದು ಬೀಳಬೇಕು, ಉಳಿದ ಜಾಗದಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಚೂರುಚೂರು ನುಡಿಸಬೇಕು. ಕಛೇರಿ ಕೇಳುವವರಿಗೆ ಸಮ ಅಂದರೆ ಏನು ಗೊತ್ತು. ತನಿ ಆವರ್ತನದ ಕೊನೆಗೆ ಎಲ್ಲರೂ ಸಮಕ್ಕೆ ಬಂದು ಇಳಿದಾಗ ಒಂದು ನೆಮ್ಮದಿ ಆಗುತ್ತದಲ್ವಾ, ಫಂಕ್‌ನಲ್ಲಿ ಅದು ಪ್ರತಿ ಆವರ್ತಕ್ಕೂ ಸಿಗುತ್ತದೆ.

ಇದರಿಂದ ಊದುವವರ ಕೆಲಸವೇ ಬದಲಾಯಿತು. ಜಾಝ್‌ನಲ್ಲಿ ಸ್ಯಾಕ್ಸೊಫೋನ್ ಉದ್ದುದ್ದ ಮಾತಾಡುತ್ತದೆ. ಫಂಕ್‌ನಲ್ಲಿ ಅದೇ ಸ್ಯಾಕ್ಸೊಫೋನ್ ಡ್ರಮ್ ಆಗುತ್ತದೆ. ಎರಡೋ ಮೂರೋ ಸ್ವರ, ಗಟ್ಟಿಯಾಗಿ, ಎಲ್ಲರೂ ಒಟ್ಟಿಗೆ, ಆಮೇಲೆ ಬಾಯಿ ಮುಚ್ಚಿ ಕಾಯುವುದು. ಕೇಳಲು ಸುಲಭ, ನುಡಿಸಲು ಕಷ್ಟ. ಮೂರು ಜನರ ಉಸಿರು ಒಂದೇ ಕ್ಷಣಕ್ಕೆ ಶುರುವಾಗಬೇಕು. ಅದಕ್ಕಿಂತ ಕಷ್ಟ, ಒಂದೇ ಕ್ಷಣಕ್ಕೆ ನಿಲ್ಲಬೇಕು. ಜೆರ್ಸಿ ಸಿಟಿಯ ಹುಡುಗರಿಗೆ ಇದು ಬಂದದ್ದು ಅವರು ಹೈಸ್ಕೂಲ್ ವಯಸ್ಸಿನಿಂದ ಒಟ್ಟಿಗೆ ಊದಿದ್ದರಿಂದ. ಬಾಡಿಗೆಗೆ ಕರೆತಂದ ಮೂವರಿಂದ ಈ ಒಗ್ಗಟ್ಟು ಅಷ್ಟು ಬೇಗ ಬರುವುದಿಲ್ಲ.

ಡಿ-ಲೈಟ್ ರೆಕಾರ್ಡ್ಸ್ ಅನ್ನುವ ಚಿಕ್ಕ ಕಂಪನಿಯಿಂದ 1969ರಲ್ಲಿ ಮೊದಲ ಆಲ್ಬಂ ಬಂತು, ಹೆಸರು ಬ್ಯಾಂಡ್‌ನದ್ದೇ. ಬರೀ ವಾದ್ಯಗಳು. 1971ರಲ್ಲಿ ಎರಡು ಲೈವ್ ಆಲ್ಬಂ ಮಾಡಿದರು, ಒಂದು ಫಿಲಡೆಲ್ಫಿಯಾದ್ದು, ಒಂದು ಲಾಸ್ ಏಂಜಲೀಸ್‌ನ ಪಿಜೇಸ್ ಕ್ಲಬ್‌ನದ್ದು. ಆ ಪಿಜೇಸ್ ಆಲ್ಬಂ ನನಗೆ ಬಹಳ ಇಷ್ಟ. ಊದುವವರು ಮುಂದೆ ನಿಂತಿದ್ದಾರೆ, ಅವರದ್ದೇ ರಾಜ್ಯ. ಏಟುಗಳೂ ಇವೆ, ನಡುವೆ ಜಾಝ್‌ನ ಉದ್ದನೆಯ ಸೋಲೊಗಳೂ, ಅಂದರೆ ಒಬ್ಬರೇ ಮುಂದೆ ಬಂದು ನುಡಿಸುವುದೂ ಇದೆ. ರೊನಾಲ್ಡ್ ಬೆಲ್‌ಗೆ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅಂದರೆ ದೇವರು. ಆ ಕಾಲದ ಅವರ ಒಂದು ಹಾಡಿನ ಹೆಸರಲ್ಲೇ ಕೋಲ್ಟ್ರೇನ್ ನೆನಪಿದೆ. ಕ್ಲಬ್‌ಗೆ ಕುಣಿಯಲು ಬಂದವರು ಸುಮ್ನೆ ನಿಂತು ಕೇಳುವ ಹಾಗೆ, ಕೇಳಲು ಬಂದವರು ಕುಣಿಯುವ ಹಾಗೆ ಮಾಡುವ ಶಕ್ತಿ ಆ ತಂಡಕ್ಕಿತ್ತು.

ಇಲ್ಲಿ ಡೆನಿಸ್ ಥಾಮಸ್ ಬಗ್ಗೆ ಒಂದು ಮಾತು. ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಈ ಮನುಷ್ಯನೇ ವೇದಿಕೆಯ ಮೇಲೆ ಮಾತಾಡುವವರು, ಎಲ್ಲರ ಬಟ್ಟೆ ಆರಿಸುವವರು, ಶುರುವಿನ ದಿನಗಳಲ್ಲಿ ದುಡ್ಡಿನ ಲೆಕ್ಕವೂ ಅವರದ್ದೇ. ಆ ದಿನದ ಸಂಪಾದನೆಯನ್ನು ಒಂದು ಪೇಪರ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಸ್ಯಾಕ್ಸೊಫೋನ್‌ನ ಅಗಲ ಬಾಯೊಳಗೆ ತುರುಕಿ ಒಯ್ಯುತ್ತಿದ್ದರಂತೆ. ನನಗೆ ಈ ವಿವರ ತುಂಬಾ ಮುಖ್ಯ ಅನ್ನಿಸುತ್ತದೆ. ಯಾಕೆ ಅಂದರೆ ಬೇರೆ ಬಹಳಷ್ಟು ತಂಡಗಳಲ್ಲಿ ಊದುವವರು ಸಂಬಳದವರು. ಇಲ್ಲಿ ಅವರು ಮನೆಯವರು. ತಂಡದ ದುಡ್ಡು ಅಕ್ಷರಶಃ ಸ್ಯಾಕ್ಸೊಫೋನ್ ಒಳಗಿತ್ತು. ಮುಂದೆ ಏನು ಬದಲಾದರೂ ಇವರನ್ನು ತೆಗೆದುಹಾಕುವ ಪ್ರಶ್ನೆಯೇ ಏಳದಿದ್ದದ್ದು ಇದಕ್ಕೇ.

ಈಗ 1973. ಅಲ್ಲಿಯವರೆಗೆ ಇವರಿಗೆ ಹೆಸರಿತ್ತು, ದೊಡ್ಡ ಹಿಟ್ ಇರಲಿಲ್ಲ. ಆ ವರ್ಷ ಕ್ಯಾಮರೂನ್‌ನ ಸ್ಯಾಕ್ಸೊಫೋನ್ ವಾದಕ ಮನು ದಿಬಾಂಗೊ ಅವರ 'ಸೋಲ್ ಮಕೋಸಾ' ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ಹುಚ್ಚು ಹಿಡಿಸಿತ್ತು. ರೆಕಾರ್ಡ್ ಕಂಪನಿಯವರು, ನೀವು ಅದನ್ನೇ ನಿಮ್ಮ ಥರ ಮಾಡಿಕೊಡಿ ಅಂದರು. ಇವರು ಒಪ್ಪಲಿಲ್ಲ. ಅಂಥದ್ದು ನಾವೇ ಬರೆಯುತ್ತೇವೆ ಅಂತ ರಿಹರ್ಸಲ್ ಸ್ಟುಡಿಯೊಗೆ ಹೋಗಿ ಬಾಗಿಲು ಹಾಕಿಕೊಂಡರು. 'ಫಂಕಿ ಸ್ಟಫ್', 'ಜಂಗಲ್ ಬೂಗಿ', 'ಹಾಲಿವುಡ್ ಸ್ವಿಂಗಿಂಗ್', ಈ ಮೂರೂ ಅವತ್ತೊಂದೇ ದಿನ ಹುಟ್ಟಿದವು ಅಂತ ರೊನಾಲ್ಡ್ ಆಮೇಲೆ ಹೇಳಿದ್ದಾರೆ. ಮೂರೂ ಹಿಟ್. 'ಜಂಗಲ್ ಬೂಗಿ' ಅಮೆರಿಕದ ಮುಖ್ಯ ಹಿಟ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಬಂತು. 'ಹಾಲಿವುಡ್ ಸ್ವಿಂಗಿಂಗ್' 1974ರಲ್ಲಿ ಅದೇ ಪಟ್ಟಿಯಲ್ಲಿ 6, ಕಪ್ಪು ಜನರ ಸಂಗೀತಕ್ಕೆ ಅಂತಲೇ ಇದ್ದ ಆರ್ ಅಂಡ್ ಬಿ ಪಟ್ಟಿಯಲ್ಲಿ 1.

'ಜಂಗಲ್ ಬೂಗಿ' ಇನ್ನೊಮ್ಮೆ ಹಾಕುತ್ತೇನೆ. ಈ ಸಲ ದನಿಯನ್ನು ಬಿಟ್ಟುಬಿಡಿ. ಅಂದ ಹಾಗೆ ಆ ದನಿ ಗಾಯಕನದ್ದಲ್ಲ. ಡಾನ್ ಬಾಯ್ಸ್ ಅಂತ, ಬ್ಯಾಂಡ್‌ನ ಸಾಮಾನು ಸಾಗಿಸುವ ಕೆಲಸದವರು. ಅವರ ಗಂಟಲು ಚೆನ್ನಾಗಿದೆ ಅಂತ ಮೈಕ್ ಮುಂದೆ ನಿಲ್ಲಿಸಿದರು. ಗಾಯಕನ ಜಾಗಕ್ಕೆ ಇವರು ಎಷ್ಟು ಬೆಲೆ ಕೊಟ್ಟಿದ್ದರು ಅಂತ ಇದರಲ್ಲೇ ಗೊತ್ತಾಗುತ್ತದೆ. ದನಿ ಅಲ್ಲಿ ಇನ್ನೊಂದು ವಾದ್ಯ. ಈಗ ಊದುವವರನ್ನು ಕೇಳಿ. ಗಿಟಾರ್ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು, ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಹಾಡು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಕುದಿಯುತ್ತದೆ. ಕಥೆ ಹೇಳುವವರು ಊದುವವರು. ಅವರ ಸಾಲು ಒಂದು ಪ್ರಶ್ನೆ, ಗೊಗ್ಗರು ದನಿ ಅದಕ್ಕೆ ಉತ್ತರ. ಜಾಝ್‌ನ ಉದ್ದದ ಸೋಲೊ ಹೋಯಿತು, ಆದರೆ ಅದನ್ನು ನುಡಿಸಬಲ್ಲವರು ಮಾತ್ರ ಇಷ್ಟು ಚಿಕ್ಕದಾಗಿ ನುಡಿಸಬಲ್ಲರು. ಅಂದರೆ 1973ರಲ್ಲೇ ಒಂದು ಬದಲಾವಣೆ ಆಗಿಬಿಟ್ಟಿತ್ತು. ಹಳೇ ಜಾಝ್ ಅಭಿಮಾನಿಗಳು ಆಗಲೂ ಬೇಸರ ಮಾಡಿಕೊಂಡಿರಬೇಕು. ಯಾವುದನ್ನು ಇವತ್ತು ಅಪ್ಪಟ ಫಂಕ್ ಅನ್ನುತ್ತೇವೋ ಅದೇ ಒಂದು ಕಾಲಕ್ಕೆ ಮಾರುಕಟ್ಟೆಗಾಗಿ ಮಾಡಿದ್ದು. ಕಂಪನಿ ಹಿಟ್ ಕೇಳಿತ್ತು, ಇವರು ಹಿಟ್ ಕೊಟ್ಟರು, ತಮ್ಮ ಥರದಲ್ಲಿ ಕೊಟ್ಟರು.

ಮರುವರ್ಷ, 1974ರ 'ಲೈಟ್ ಆಫ್ ವರ್ಲ್ಡ್ಸ್' ಆಲ್ಬಂನಲ್ಲಿ 'ಸಮ್ಮರ್ ಮ್ಯಾಡ್‌ನೆಸ್' ಅಂತ ಒಂದಿದೆ. ನನ್ನನ್ನು ಕೇಳಿದರೆ ಈ ಬ್ಯಾಂಡ್‌ನ ಅತ್ಯುತ್ತಮ ಕೆಲಸ ಇದೇ. ಊದುವವರು ಹಿಂದೆ ಸರಿದಿದ್ದಾರೆ. ರೊನಾಲ್ಡ್ ಸ್ಯಾಕ್ಸೊಫೋನ್ ಬದಿಗಿಟ್ಟು ಎಆರ್‌ಪಿ ಕಂಪನಿಯ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್, ಮುಂದೆ ಕೂತಿದ್ದಾರೆ. ನಿಧಾನಕ್ಕೆ ಎಲೆಕ್ಟ್ರಿಕ್ ಪಿಯಾನೊ, ಸೋಮಾರಿ ಬೇಸ್, ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಆಗುತ್ತಿಲ್ಲ ಅನ್ನುವ ಹಾಗೆ. ಆಮೇಲೆ ಸಿಂಥಸೈಜರ್‌ನ ಒಂದು ಸ್ವರ ಕೆಳಗಿನಿಂದ ಜಾರುತ್ತಾ ಜಾರುತ್ತಾ ಮೇಲೆ ಏರುತ್ತದೆ. ಇನ್ನು ನಿಲ್ಲುತ್ತದೆ ಅಂದುಕೊಂಡಾಗ ಇನ್ನೂ ಏರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯದೆ ಜಾರಿಕೊಂಡೇ ಹೋಗುವುದು ನಮ್ಮ ಕಿವಿಗೆ ಹೊಸದಲ್ಲ, ಅದಕ್ಕೇ ಇರಬೇಕು ಇದು ನಮ್ಮವರಿಗೆ ಮೊದಲ ಸಲಕ್ಕೇ ಹಿಡಿಸುತ್ತದೆ. ಆ ಏರುವ ಸ್ವರದಲ್ಲಿ ಕೋಲ್ಟ್ರೇನ್ ಕೇಳಿ ಬೆಳೆದ ಸ್ಯಾಕ್ಸೊಫೋನ್‌ನವರ ಉಸಿರು ನನಗೆ ಕೇಳಿಸುತ್ತದೆ. ವಾದ್ಯ ಬದಲಾಗಿದೆ, ಊದುವವರ ಮನಸ್ಸು ಹಾಗೇ ಇದೆ.

ಸರಿ, ಇಷ್ಟು ಚೆನ್ನಾಗಿದ್ದ ತಂಡ ಮುಗ್ಗರಿಸಿದ್ದು ಯಾಕೆ? ಡಿಸ್ಕೊ. 1975ರ ನಂತರ ಅಮೆರಿಕದ ಕ್ಲಬ್‌ಗಳಲ್ಲಿ ನಾಲ್ಕೂ ಪೆಟ್ಟಿಗೆ ಒಂದೇ ಸಮನೆ ಬೀಳುವ ಬೇಸ್ ಡ್ರಮ್ ಬಂತು. ನಾಲ್ಕೂ ಪೆಟ್ಟು ಒಂದೇ ತೂಕವಾದರೆ 'ಒಂದು' ಅನ್ನುವುದಕ್ಕೆ ವಿಶೇಷ ಏನು ಉಳಿಯಿತು? ಫಂಕ್‌ನ ಬೇರಿಗೇ ಪೆಟ್ಟು. ಅದರ ಮೇಲೆ ವಯಲಿನ್‌ಗಳ ಗುಂಪು, ಹೆಣ್ಣು ದನಿಗಳು. ಇವರೂ ಅದನ್ನೆಲ್ಲ ಪ್ರಯತ್ನಿಸಿದರು. 1976ರ 'ಓಪನ್ ಸೆಸಮಿ' ಹಾಡು 'ಸ್ಯಾಟರ್ಡೇ ನೈಟ್ ಫೀವರ್' ಸಿನಿಮಾದ ಆಲ್ಬಂಗೂ ಸೇರಿತು. ಆ ಆಲ್ಬಂ ಜಗತ್ತಿನಾದ್ಯಂತ ಮಾರಿತು, ವರ್ಷದ ಆಲ್ಬಂ ಅಂತ ಗ್ರ್ಯಾಮಿ ಪಡೆಯಿತು. ಆದರೆ ಅದರಿಂದ ಇವರ ಸ್ವಂತ ಆಲ್ಬಂಗಳು ಎದ್ದು ನಿಲ್ಲಲಿಲ್ಲ. 1977, 1978ರ ಆಲ್ಬಂಗಳನ್ನು ನಾನು ಇವತ್ತೂ ಪೂರ್ತಿ ಕೇಳುವುದಿಲ್ಲ. ಅವುಗಳಲ್ಲಿ ಊದುವವರು ಎಲ್ಲಿ ನಿಂತಿದ್ದಾರೆ ಅಂತ ಹುಡುಕಿದರೆ ಅವರಿಗೇ ಗೊತ್ತಿಲ್ಲದ ಹಾಗೆ ಕೇಳಿಸುತ್ತದೆ. ಎಲ್ಲರೂ ನುಡಿಸುತ್ತಿದ್ದಾರೆ, ಯಾರಿಗೂ ಜಾಗ ಇಲ್ಲ.

ನಿಮಗೆ ಒಬ್ಬ ಗಾಯಕ ಬೇಕು ಅಂತ ಅವರಿಗೆ ಬುದ್ಧಿ ಹೇಳಿದವರು ಡಿಕ್ ಗ್ರಿಫಿ, ಸೋಲಾರ್ ರೆಕಾರ್ಡ್ಸ್‌ನವರು. ಹಾಗೆ 1979ರಲ್ಲಿ ಬಂದವರು ಜೇಮ್ಸ್ 'ಜೆಟಿ' ಟೇಲರ್. ಕ್ಲಬ್‌ಗಳಲ್ಲಿ ಹಾಡುತ್ತಿದ್ದವರು, ನಯವಾದ ದನಿ, ಕೂಗದೆ ಹಾಡುವವರು. ಅದೇ ಹೊತ್ತಿಗೆ ಪ್ರೊಡ್ಯೂಸರ್ ಆಗಿ ಬಂದವರು ಬ್ರೆಜಿಲ್‌ನ ಯೂಮಿರ್ ದೆಯೊದಾತೊ. ಸ್ವತಃ ಜಾಝ್ ಕೀಬೋರ್ಡ್‌ನವರು, 1973ರಲ್ಲೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದು ಕೃತಿಯನ್ನು ಫಂಕ್ ಮಾಡಿ ಅಮೆರಿಕದಲ್ಲಿ 2ನೇ ಸ್ಥಾನಕ್ಕೆ ತಂದವರು. 1979ರಿಂದ 1982ರವರೆಗೆ ನಾಲ್ಕು ಆಲ್ಬಂಗಳನ್ನು ಇವರೇ ಮಾಡಿಸಿದರು.

ಬಯ್ಯುವವರು ಈ ಹೆಸರನ್ನು ಹಿಡಿದೇ ಬಯ್ಯುತ್ತಾರೆ, ಬ್ಯಾಂಡನ್ನು ಪಾಪ್ ಮಾಡಿದ್ದು ದೆಯೊದಾತೊ ಅಂತ. ನಾನು ಅದನ್ನು ಬೇರೆ ಥರ ಕೇಳುತ್ತೇನೆ. ಅವರು ಮಾಡಿದ ಮುಖ್ಯ ಕೆಲಸ ತೆಗೆಯುವುದು. ಹಿಂದಿನ ಆಲ್ಬಂಗಳ ಗಿಜಿಗಿಜಿ ತೆಗೆದರು. ಬೇಸ್‌ಗೆ ಜಾಗ ಕೊಟ್ಟರು, ಗಾಯಕನಿಗೆ ನಡುಜಾಗ ಕೊಟ್ಟರು, ಊದುವವರನ್ನು ಅಂಚಿಗೆ ಕಳಿಸಿದರು. ಅಂಚಿಗೆ ಅಂದರೆ ಅವಮಾನ ಅಲ್ಲ. ಗಾಯಕನ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿ ಉಳಿಯುವ ಒಂದು ಚೂರು ಖಾಲಿ ಜಾಗ ಇದೆಯಲ್ಲ, ಅದು ಪೂರ್ತಿ ಊದುವವರದ್ದು.

'ಲೇಡೀಸ್ ನೈಟ್' ಹಾಕುತ್ತೇನೆ, 1979ರದ್ದು. ರಾಬರ್ಟ್ ಬೆಲ್ ನ್ಯೂಯಾರ್ಕ್‌ನ ಕ್ಲಬ್‌ಗಳಿಗೆ ಹೋಗುತ್ತಿದ್ದ ಕಾಲ. ಎಲ್ಲ ಕಡೆ ವಾರಕ್ಕೊಂದು ದಿನ ಹೆಂಗಸರಿಗೆ ಅಂತ ಮೀಸಲು ರಾತ್ರಿ ಇರುತ್ತಿತ್ತು, ಅದರಿಂದ ಹಾಡು ಹುಟ್ಟಿತು. ಇದು ಬಂದ ಸಮಯ ನೋಡಿ. ಅದೇ ವರ್ಷ ಜುಲೈ 12ರಂದು ಶಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸ್ಫೋಟಿಸಿದರು, ಜನ ಮೈದಾನಕ್ಕೆ ನುಗ್ಗಿದರು, ಪಂದ್ಯವೇ ನಿಂತುಹೋಯಿತು. ಡಿಸ್ಕೊ ಅಂದರೆ ರೇಡಿಯೊದವರು ಹೆದರುವ ಹೊತ್ತು. ಆಗ ಇವರು ಕುಣಿತದ ಹಾಡನ್ನೇ ತಂದರು, ಆದರೆ ಡಿಸ್ಕೊಗಿಂತ ಕೊಂಚ ನಿಧಾನ, ನಡೆಯುವ ವೇಗ, 'ಒಂದು' ಮತ್ತೆ ಜಾಗಕ್ಕೆ ಬಂದಿದೆ. ಅಮೆರಿಕದಲ್ಲಿ 8ನೇ ಸ್ಥಾನ. ಹಿಂದೆಯೇ 'ಟೂ ಹಾಟ್', 5ನೇ ಸ್ಥಾನ. ನಾಲ್ಕೈದು ವರ್ಷ ಸುಮ್ಮನಾಗಿದ್ದ ತಂಡಕ್ಕೆ ಮರುಜೀವ ಬಂತು.

'ಸೆಲೆಬ್ರೇಶನ್' ಹುಟ್ಟಿದ್ದು 'ಲೇಡೀಸ್ ನೈಟ್' ಹಾಡಿನಲ್ಲೇ ಇದ್ದ ಒಂದು ಸಾಲಿನಿಂದ. ಜೊತೆಗೆ ರೊನಾಲ್ಡ್ ಇನ್ನೊಂದು ಕಾರಣ ಹೇಳಿದ್ದಾರೆ. ಅವರು ಇಸ್ಲಾಂಗೆ ಸೇರಿ ಖಾಲಿಸ್ ಬಯಾನ್ ಅನ್ನುವ ಹೆಸರು ಇಟ್ಟುಕೊಂಡವರು. ಕುರಾನ್‌ನಲ್ಲಿ ದೇವರು ಆದಮನನ್ನು ಸೃಷ್ಟಿಸುವ ಭಾಗ, ದೇವದೂತರು ಹೊಗಳುವುದು, ಅದನ್ನು ಓದುವಾಗ ಈ ಹಾಡಿನ ಯೋಚನೆ ಬಂತಂತೆ. ಪಾರ್ಟಿಯಲ್ಲಿ ಕುಣಿಯುವಾಗ ಇದು ಯಾರಿಗೆ ಹೊಳೆಯುತ್ತದೆ ಹೇಳಿ. 1980ರಲ್ಲಿ ಬಂದ ಹಾಡು 1981ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 1ನೇ ಸ್ಥಾನಕ್ಕೆ ಏರಿತು. ಮುಖ್ಯ ಪಟ್ಟಿಯಲ್ಲಿ ಅವರಿಗೆ ಸಿಕ್ಕ ಮೊದಲ ಸ್ಥಾನ ಇದೊಂದೇ. ಅದೇ ಜನವರಿ 20ರಂದು ಇರಾನ್‌ನಲ್ಲಿ ಒತ್ತೆಯಾಳುಗಳಾಗಿದ್ದ ಅಮೆರಿಕನ್ನರ ಬಿಡುಗಡೆ ಆಗಿತ್ತು, ಅವರ ಸ್ವಾಗತಕ್ಕೆ ಊರೂರಲ್ಲಿ ಈ ಹಾಡೇ ಮೊಳಗಿತು. 2021ರಲ್ಲಿ ಅಮೆರಿಕದ ಸಂಸತ್ ಗ್ರಂಥಾಲಯ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು.

ಇದನ್ನು ಸಾವಿರ ಸಲ ಕೇಳಿದ್ದೀರಿ, ಈಗ ಸಾವಿರದ ಒಂದನೇ ಸಲ ಊದುವವರಿಗಾಗಿ ಕೇಳಿ. ಗಾಯಕ ಸಾಲು ಮುಗಿಸುತ್ತಾರೆ, ಆ ಖಾಲಿ ಜಾಗಕ್ಕೆ ಟ್ರಂಪೆಟ್ ಸ್ಯಾಕ್ಸೊಫೋನ್ ಬರುತ್ತವೆ, ಚಿಕ್ಕದಾಗಿ ಹೊಡೆದು ಹೋಗುತ್ತವೆ. 'ಜಂಗಲ್ ಬೂಗಿ'ಯಲ್ಲಿ ಊದುವವರು ಪ್ರಶ್ನೆ, ದನಿ ಉತ್ತರ. ಇಲ್ಲಿ ದನಿ ಪ್ರಶ್ನೆ, ಊದುವವರು ಉತ್ತರ. ಪಾತ್ರ ಅದಲು ಬದಲಾಗಿದೆ, ಆಟ ಅದೇ. ಆ ಏಟುಗಳನ್ನು ತೆಗೆದು ಕೇಳಲು ಸಾಧ್ಯವಾಗಿದ್ದರೆ, ಹಾಡು ಎಷ್ಟು ಸಪ್ಪೆ ಅಂತ ಗೊತ್ತಾಗುತ್ತಿತ್ತು.

1981ರ 'ಗೆಟ್ ಡೌನ್ ಆನ್ ಇಟ್' ಇನ್ನೂ ತೆಳು, ಬೇಸ್ ಮತ್ತು ದನಿಯ ಮೇಲೇ ನಿಂತಿದೆ. ನನಗೆ ಇಷ್ಟ. ಅಲ್ಲಿಂದ ಮುಂದೆ ನನ್ನ ಉತ್ಸಾಹ ಕಮ್ಮಿಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 1983ಕ್ಕೆ ಯಮಹಾ ಕಂಪನಿಯ ಡಿಎಕ್ಸ್7 ಕೀಬೋರ್ಡ್ ಬಂತು. ಒಬ್ಬರು ಕೂತು ಬೆರಳೊತ್ತಿದರೆ ಟ್ರಂಪೆಟ್‌ಗಳ ಹಾಗೆ ಏನೋ ಒಂದು ಬರುತ್ತದೆ. ಮೂರು ಜನರಿಗೆ ವಿಮಾನದ ಟಿಕೆಟ್, ಹೋಟೆಲ್ ರೂಮ್ ಯಾಕೆ ಅಂತ ಎಲ್ಲ ಕಡೆ ಲೆಕ್ಕ ಶುರುವಾಯಿತು. ಊದುವವರಿಗಾಗಿಯೇ ಹೆಸರು ಮಾಡಿದ್ದ ಅರ್ತ್ ವಿಂಡ್ ಅಂಡ್ ಫೈರ್ ತಂಡವೇ 1983ರ ಒಂದು ಆಲ್ಬಂನಲ್ಲಿ ಅವರನ್ನು ಬಿಟ್ಟಿತು. ಹತ್ತಕ್ಕಿಂತ ಜಾಸ್ತಿ ಜನರಿದ್ದ ಕ್ಯಾಮಿಯೊ ತಂಡ ಮೂರಕ್ಕೆ ಇಳಿಯಿತು. ಕೂಲ್ ಅಂಡ್ ದ ಗ್ಯಾಂಗ್ ಹಾಗೆ ಮಾಡಲಿಲ್ಲ, ಮಾಡಲು ಬರುತ್ತಿರಲಿಲ್ಲ. ಊದುವವರು ಸ್ಥಾಪಕರು, ಹಾಡು ಬರೆಯುವವರೂ ಅವರೇ. ರೊನಾಲ್ಡ್ ಬೆಲ್‌ರನ್ನು ತೆಗೆದರೆ ಬ್ಯಾಂಡೇ ಇಲ್ಲ. ಹಾಗಾಗಿ ಸ್ಯಾಕ್ಸೊಫೋನ್ ಸದ್ದು ಕಮ್ಮಿಯಾದರೂ ಸ್ಯಾಕ್ಸೊಫೋನ್‌ನವರು ಉಳಿದರು. ಬೇರೆ ತಂಡಗಳಲ್ಲಿ ಮನುಷ್ಯರೇ ಹೋದರು.

1984ರ 'ಎಮರ್ಜೆನ್ಸಿ' ಆಲ್ಬಂನಲ್ಲಿ ಮೆಷಿನ್‌ಗಳ ಕಾಲ ಚೆನ್ನಾಗಿ ಕೇಳಿಸುತ್ತದೆ. 'ಫ್ರೆಶ್', 'ಮಿಸ್‌ಲೆಡ್', 'ಚೆರಿಶ್', 'ಎಮರ್ಜೆನ್ಸಿ', ನಾಲ್ಕು ಹಾಡು ಅಮೆರಿಕದ ಮೊದಲ 20ರೊಳಗೆ. ಆಲ್ಬಂ ಅಲ್ಲಿ 20 ಲಕ್ಷಕ್ಕೂ ಜಾಸ್ತಿ ಹೋಯಿತು. ಲೆಕ್ಕದಲ್ಲಿ ಅದು ಅವರ ಶಿಖರ. ಆದರೆ ಎಲ್ಲವೂ ಅತಿ ಶುದ್ಧ, ಅತಿ ನಯ. 'ಚೆರಿಶ್' ಒಳ್ಳೆಯ ಪ್ರೇಮಗೀತೆ, ಇಲ್ಲಿ ಎಷ್ಟೋ ಜನರಿಗೆ ಪ್ರಿಯ ಅಂತ ಗೊತ್ತು. ನನ್ನ ದೂರು ಒಂದೇ, ಅದನ್ನು ಬೇರೆ ಯಾರಾದರೂ ಹಾಡಬಹುದಿತ್ತು. 'ಸೆಲೆಬ್ರೇಶನ್' ಬೇರೆಯವರಿಂದ ಆಗುತ್ತಿರಲಿಲ್ಲ. ಅದೇ ನವೆಂಬರ್‌ನಲ್ಲಿ ಲಂಡನ್‌ನಲ್ಲಿ, ಇಥಿಯೋಪಿಯಾ ಬರಗಾಲದ ನೆರವಿಗಾಗಿ ಬ್ಯಾಂಡ್ ಏಡ್ ಹೆಸರಲ್ಲಿ ಬ್ರಿಟನ್ನಿನ ಗಾಯಕರೆಲ್ಲ ಸೇರಿ ಹಾಡಿದರಲ್ಲ, ಅಲ್ಲಿ ರಾಬರ್ಟ್ ಬೆಲ್, ಟೇಲರ್, ಡೆನಿಸ್ ಥಾಮಸ್ ಕೂಡ ಇದ್ದರು.

ಟೇಲರ್ 1988ರಲ್ಲಿ ಬಿಟ್ಟರು, ಬೇರೆ ಗಾಯಕರು ಬಂದರು, ದೊಡ್ಡ ಹಿಟ್‌ಗಳು ನಿಂತವು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಇದೇ ಹೊತ್ತಿಗೆ ವಿಚಿತ್ರ ಒಂದು ನಡೆಯಿತು. ಹಿಪ್‌ಹಾಪ್ ಮಾಡುವ ಹುಡುಗರು ತಮ್ಮ ಅಪ್ಪ ಅಮ್ಮನ ಹಳೇ ರೆಕಾರ್ಡ್‌ಗಳನ್ನು ಕೆದಕಿ, ಎರಡು ಮೂರು ಸೆಕೆಂಡಿನ ತುಣುಕು ಕತ್ತರಿಸಿ, ಅದನ್ನೇ ಸುತ್ತಿಸಿ, ಅದರ ಮೇಲೆ ರ್‍ಯಾಪ್ ಮಾಡತೊಡಗಿದರು. ಅವರಿಗೆ ಬೇಕಾದದ್ದು ಈ ಬ್ಯಾಂಡ್‌ನ 80ರ ದಶಕದ ಹಿಟ್‌ಗಳಲ್ಲ. ಅವರಿಗೆ ಬೇಕಾದದ್ದು 1971ರಿಂದ 1974ರವರೆಗಿನದ್ದು. 1991ರಲ್ಲಿ ಡಿಜೆ ಜಾಝಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್, ಅಂದರೆ ನಮಗೆ ಸಿನಿಮಾದಿಂದ ಗೊತ್ತಿರುವ ವಿಲ್ ಸ್ಮಿತ್, 'ಸಮ್ಮರ್ ಮ್ಯಾಡ್‌ನೆಸ್' ಮೇಲೆ ತಮ್ಮ ಬೇಸಿಗೆಯ ಹಾಡು ಕಟ್ಟಿದರು. 1992ರಲ್ಲಿ ಮಡೋನಾ 'ಎರೋಟಿಕಾ'ಗೆ 'ಜಂಗಲ್ ಬೂಗಿ' ತುಣುಕು ತೆಗೆದುಕೊಂಡರು. 1994ರಲ್ಲಿ ಹಿಪ್‌ಹಾಪ್ ಗಾಯಕ ನಾಸ್ ಅವರ ಮೊದಲ ಆಲ್ಬಂನ ಕೊನೆಯ ಹಾಡಿಗೆ ಪಿಜೇಸ್ ಕ್ಲಬ್‌ನಲ್ಲಿ ನುಡಿಸಿದ್ದ 'ಎನ್.ಟಿ.' ಬಂತು. ಅದೇ ವರ್ಷ 'ಪಲ್ಪ್ ಫಿಕ್ಷನ್' ಸಿನಿಮಾದಲ್ಲಿ 'ಜಂಗಲ್ ಬೂಗಿ' ಮತ್ತೆ ಕೇಳಿಸಿತು. 1997ರಲ್ಲಿ ಮೇಸ್ ಅವರ ಹಿಟ್‌ಗೆ 'ಹಾಲಿವುಡ್ ಸ್ವಿಂಗಿಂಗ್'.

ಯಾಕೆ ಆ ಕಾಲದ್ದೇ? ಕತ್ತರಿಸಲು ಜಾಗ ಇದ್ದದ್ದು ಅಲ್ಲೇ. ಗಾಯಕ ನಡುವೆ ಬಂದರೆ ತುಣುಕು ಕತ್ತರಿಸುವುದು ಕಷ್ಟ, ದನಿ ಅಂಟಿಕೊಂಡೇ ಬರುತ್ತದೆ. ಊದುವವರ ಏಟು, ಬೇಸ್, ಡ್ರಮ್ಸ್ ಬೇರೆ ಬೇರೆಯಾಗಿ ಬಿಡಿಬಿಡಿಯಾಗಿ ಕೇಳಿಸುವ ರೆಕಾರ್ಡ್ ಅಂದರೆ ಅವರಿಗೆ ಗಣಿ. ಹಾಗೆ ಊದುವವರು ಮತ್ತೆ ಮುಂದೆ ಬಂದರು, ಈ ಸಲ ಬೇರೆಯವರ ಹಾಡಿನೊಳಗೆ. ಹೀಗೆ ತುಣುಕು ಕತ್ತರಿಸಿ ಬಳಸುವುದಕ್ಕೆ ಸ್ಯಾಂಪಲ್ ಅನ್ನುತ್ತಾರೆ, ಈ ತಂಡ ಅತಿ ಹೆಚ್ಚು ಸ್ಯಾಂಪಲ್ ಆದ ತಂಡಗಳಲ್ಲಿ ಒಂದು. ಫಂಕ್ ಹೆಸರನ್ನೇ ಕೇಳದ ಎಷ್ಟು ಮಕ್ಕಳ ಕಿವಿಯಲ್ಲಿ ಇವತ್ತು ಸ್ಪೈಕ್ ಮಿಕೆನ್ಸ್ ಅವರ ಟ್ರಂಪೆಟ್ ಇದೆಯೋ ಯೋಚಿಸಿ.

ಗೌರವ ಮಾತ್ರ ತಡವಾಗಿ ಬಂತು, ಇದಕ್ಕೆ ನನಗೆ ಸಿಟ್ಟಿದೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಇವರನ್ನು ಸೇರಿಸಿದ್ದು 2024ರಲ್ಲಿ. ಮೊದಲ ಆಲ್ಬಂ ಬಂದು 55 ವರ್ಷ ಆಗಿತ್ತು. ಅಷ್ಟು ಹೊತ್ತಿಗೆ ರಿಕಿ ವೆಸ್ಟ್, ಚಾರ್ಲ್ಸ್ ಸ್ಮಿತ್, ಸ್ಪೈಕ್ ಮಿಕೆನ್ಸ್ ತೀರಿಕೊಂಡು ಬಹಳ ವರ್ಷವಾಗಿತ್ತು. ರೊನಾಲ್ಡ್ ಬೆಲ್ 2020ರಲ್ಲಿ, ಡೆನಿಸ್ ಥಾಮಸ್ 2021ರಲ್ಲಿ, ಜಾರ್ಜ್ ಬ್ರೌನ್ 2023ರಲ್ಲಿ ಹೋದರು. ಏಳು ಹುಡುಗರಲ್ಲಿ ಆ ಗೌರವ ನೋಡಲು ಉಳಿದದ್ದು ರಾಬರ್ಟ್ ಬೆಲ್ ಒಬ್ಬರೇ. ಊದುವ ಮೂವರಲ್ಲಿ ಯಾರೂ ಇರಲಿಲ್ಲ. ಹಿಟ್ ಪಟ್ಟಿಗಳಲ್ಲಿ ಇಷ್ಟು ಕಾಲ ಇದ್ದವರನ್ನು ಪಾರ್ಟಿ ಬ್ಯಾಂಡ್ ಅಂತ ಬದಿಗಿಟ್ಟದ್ದು ಅನ್ಯಾಯ ಅಂತಲೇ ನಾನು ಹೇಳುವುದು. ಜನರನ್ನು ಕುಣಿಸುವುದು ಸಣ್ಣ ಕೆಲಸ ಅಂದುಕೊಂಡವರು ಮಾಡಿದ ಅನ್ಯಾಯ ಅದು.

ಎಲ್ಲಿಂದ ಕೇಳಲು ಶುರುಮಾಡಬೇಕು ಅಂತ ಆಗಲೇ ಅಲ್ಲಿ ಹಿಂದೆ ಕೂತವರು ಕೇಳಿದರು. ಹಿಟ್‌ಗಳ ಸಂಗ್ರಹದಿಂದ ಶುರು ಮಾಡಬೇಡಿ, ಅದರಲ್ಲಿ ಬರೀ ಟೇಲರ್ ಕಾಲವೇ ತುಂಬಿರುತ್ತದೆ. 1973ರ 'ವೈಲ್ಡ್ ಅಂಡ್ ಪೀಸ್‌ಫುಲ್' ಪೂರ್ತಿ ಆಲ್ಬಂ ಕೇಳಿ. ನಾನು ಹೇಳಿದ ಮೂರು ಹಿಟ್‌ಗಳೂ ಅದರಲ್ಲೇ ಇವೆ. 'ಫಂಕಿ ಸ್ಟಫ್'ನಲ್ಲಿ ಪೀಪಿ ಊದುವುದು, ಜನ ಗಲಾಟೆ ಮಾಡುವುದು ಕೇಳಿಸುತ್ತದೆ, ಖುಷಿಯಾಗುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಕೊನೆಗೆ ಆಲ್ಬಂನ ಹೆಸರಿನದ್ದೇ ಒಂದು ಉದ್ದನೆಯ ಹಾಡಿದೆ, ಮಾತು ಬಹುತೇಕ ಇಲ್ಲ, ಅವಸರವೂ ಇಲ್ಲ, ಜಾಝ್ ಹುಡುಗರು ಮತ್ತೆ ಜಾಝ್‌ಗೆ ಮರಳಿದ ಹಾಗೆ. ಕಂಪನಿಗೆ ಮೂರು ಹಿಟ್ ಕೊಟ್ಟು, ಉಳಿದ ಜಾಗದಲ್ಲಿ ತಮಗೆ ಬೇಕಾದದ್ದನ್ನು ನುಡಿಸಿಕೊಂಡಿದ್ದಾರೆ. ಅದನ್ನು ಕೇಳಿದ ಮೇಲೆ ಬೇಕಾದರೆ 'ಸೆಲೆಬ್ರೇಶನ್'ಗೆ ಬನ್ನಿ, ಇಬ್ಬರೂ ಒಬ್ಬರೇನಾ ಅಂತ ನೀವೇ ಹೇಳಿ.